ಚೌಬಾರಾದ ಓಣಿಯ ಅಂಗಡಿಗೊಂದು ಬೇಡಿಕೆ

ಕಳೆದ ತಿಂಗಳು ನಮ್ಮ ಗುರುಮನೆಗೆ ಸುಣ್ಣ ಬಳಿಸುವ ಸಂದರ್ಭ ಒದಗಿ, ವರ್ಷಗಳಿಂದ ತೆರೆಯದಿದ್ದ ಕಪಾಟೊಂದನ್ನು ಬರಿದು ಮಾಡಬೇಕಾಯಿತು. ಅದರೊಳಗೆ ಹನ್ನೊಂದು ಸ್ಮರಣಿಕೆಗಳಿದ್ದವು. ಗಾಜಿನಂತೆ ಕಾಣುವ ಪ್ಲಾಸ್ಟಿಕ್ಕು, ಚಿನ್ನದಂತೆ ಕಾಣುವ ಕಾಗದ, ಮರದಂತೆ ಕಾಣುವ ರಟ್ಟು. ಗುರುದೀಕ್ಷೆಯ ಬೆಳ್ಳಿಹಬ್ಬದ್ದು ಒಂದು, ಶಾಲಾ ವಾರ್ಷಿಕೋತ್ಸವಗಳವು ನಾಲ್ಕು, 2025ರ ಜುಬಿಲಿ ವರ್ಷದ್ದು ಎರಡು. ಉಳಿದವುಗಳ ಅಕ್ಷರ ಅಳಿಸಿಹೋಗಿ ಯಾವ ಸಂದರ್ಭದವೆಂಬುದೇ ತಿಳಿಯಲಿಲ್ಲ. ಇವೆಲ್ಲದರ ಅಡಿಯಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಭಾರವಾದ ವಸ್ತು ಕೈಗೆ ತಗಲಿತು. ಬಿಚ್ಚಿ ನೋಡಿದರೆ ಬಿದರಿಯ ಮೇಣದಬತ್ತಿಯ ಕಂಬ. ನನಗಿಂತ ಹಿಂದಿನ ಯಾರೋ ಗುರುಗಳು ಪೀಠದ ಮೇಲಿರಿಸಲೆಂದು ಮಾಡಿಸಿದ್ದಿರಬೇಕು. ಮಸುಕಾಗಿ ಬೂದಿಬಣ್ಣಕ್ಕೆ ತಿರುಗಿತ್ತು. ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಹತ್ತಿಯ ಬಟ್ಟೆಯಿಂದ ಒರೆಸಿದೊಡನೆ ಕಪ್ಪು ಕಾಡಿಗೆಯಂತೆ ಮೇಲೆದ್ದು ಬಂತು; ಅದರ ನಡುವೆ ಬೆಳ್ಳಿಯ ಬಳ್ಳಿ.

ಒಂದೆಡೆ ಬೆಳ್ಳಿಯ ತಂತಿ ಮೇಲೆದ್ದಿದ್ದುದರಿಂದ ಅದನ್ನು ಸರಿಪಡಿಸಿಕೊಂಡು ಬರೋಣವೆಂದು ಬೀದರಿನ ಹಳೆಯ ಊರಿನೊಳಗೆ, ಚೌಬಾರಾದ ಸಮೀಪದ ಓಣಿಯೊಂದರ ಅಂಗಡಿಗೆ ಹೋದೆನು. ಈ ಬರಹಕ್ಕೆ ಕಾರಣವಾದದ್ದು ಆ ಭೇಟಿ. ಅಂಗಡಿಯ ಹೆಸರನ್ನಾಗಲಿ ಯಜಮಾನರ ಹೆಸರನ್ನಾಗಲಿ ನಾನಿಲ್ಲಿ ಬರೆಯುವುದಿಲ್ಲ. ತಮ್ಮ ಕಷ್ಟ ಪತ್ರಿಕೆಯಲ್ಲಿ ಬರುವುದನ್ನು ಅವರು ಬಯಸುವವರಲ್ಲ. ಮೇಲಾಗಿ ಆ ಓಣಿಯಲ್ಲಿ ಅವರೊಬ್ಬರದೇ ಈ ಕಥೆಯೆಂದೂ ನಾನು ತಿಳಿದಿಲ್ಲ.

ಎಪ್ಪತ್ತರ ಹತ್ತಿರದ ಉಸ್ತಾದರು. ಮುಂದೆ ಎರಡು ಗಾಜಿನ ಕಪಾಟು, ಹಿಂದೆ ಕೆಲಸದ ಕಟ್ಟೆ. ಒಂದು ಕಾಲದಲ್ಲಿ ಆ ಕಟ್ಟೆಯ ಮೇಲೆ ಆರು ಮಂದಿ ಕುಳಿತು ಕೆತ್ತುತ್ತಿದ್ದರಂತೆ. ಈಗ ಅವರೂ ಅವರ ತಂಗಿಯ ಮಗನೂ ಮಾತ್ರ. ತಂತಿಯನ್ನು ಮೆಲ್ಲನೆ ಬಡಿದು ಕೂರಿಸಿಕೊಟ್ಟರು. ಹಣ ಕೇಳಿದರೆ, "ಬೇಡ ಫಾದರ್ ಸಾಹೇಬ್ರೇ, ಇದು ನಮ್ಮ ಅಬ್ಬಾ ಕಾಲದ ಕೆಲಸ, ಕೈ ಗುರುತು ಸಿಗ್ತದ" ಎಂದರು. ಚಹಾ ತರಿಸಿದರು. ಆ ಮೇಲೆ, ಏನೋ ಸಾಮಾನ್ಯ ಸಂಗತಿಯೆಂಬಂತೆ, ಅಂಗಡಿಯ ಬಾಡಿಗೆ ಕರಾರು ಮುಗಿಯುತ್ತ ಬಂದಿದೆಯೆಂದೂ, ಮೊಬೈಲ್ ಕವರು ಮಾರುವವರೊಬ್ಬರು ಇಮ್ಮಡಿ ಬಾಡಿಗೆ ಕೊಡಲು ಸಿದ್ಧರಿದ್ದಾರೆಂದೂ, ತಾವು ಬಹುಶಃ ಮುಂದುವರಿಸಲಾರೆವೆಂದೂ ಹೇಳಿದರು.

ಪ್ರಿಯ ಕುಟುಂಬದವರೇ, ಬೀದರಿನಲ್ಲಿದ್ದೂ ಬಿದರಿಯ ಕೆಲಸ ಹೇಗೆ ನಡೆಯುತ್ತದೆಂಬುದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿಲ್ಲ. ನಾನೂ ಈ ಜಿಲ್ಲೆಗೆ ಬಂದು ಎಷ್ಟೋ ಕಾಲದ ಮೇಲೆ ನೋಡಿದವನು. ಆದುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸತುವಿಗೆ ತುಸು ತಾಮ್ರ ಬೆರೆಸಿ, ಸಾಮಾನ್ಯವಾಗಿ ಹದಿನಾರು ಪಾಲಿಗೆ ಒಂದು ಪಾಲಿನಂತೆ, ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚಿನಿಂದ ಬಂದ ವಸ್ತು ಒರಟಾದ ಬೂದಿಬಣ್ಣದ್ದು. ಅದನ್ನು ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಮೊನಚಾದ ಕಡ್ಡಿಯಿಂದ ಹೂ, ಬಳ್ಳಿ, ಜಾಲರಿಗಳನ್ನು ಬರಿಗೈಯಿಂದಲೇ ಬರೆಯುವುದು. ಬರೆದ ಗೆರೆಯನ್ನು ಸಣ್ಣ ಉಳಿಯಿಂದ ಕೊರೆಯುವುದು. ಕೊರೆದ ಜಾಡಿನೊಳಗೆ ಶುದ್ಧ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇರಿಸಿ ಸುತ್ತಿಗೆಯಿಂದ ಬಡಿದು ಕೂರಿಸುವುದು. ತಂತಿಯ ಕೆಲಸಕ್ಕೆ ತಾರ್ಕಶಿಯೆಂದೂ ತಗಡಿನ ಕೆಲಸಕ್ಕೆ ತೆಹ್ನಿಶಾನ್ ಎಂದೂ ಹೆಸರು. ಮತ್ತೆ ಉಜ್ಜಿದಾಗ ಬೆಳ್ಳಿಯೂ ಲೋಹವೂ ಒಂದೇ ಬಣ್ಣವಾಗಿ, ಅಷ್ಟು ದಿನಗಳ ಕೆತ್ತನೆ ಕಣ್ಣಿಗೆ ಕಾಣುವುದೇ ಇಲ್ಲ.

ಆಗ ಬೀದರಿನ ಕೋಟೆ ಸಹಾಯಕ್ಕೆ ಬರುತ್ತದೆ. ಶತಮಾನಗಳಿಂದ ಬಿಸಿಲು ಮಳೆಗಳು ತಾಗದ ಕೋಟೆಯ ಒಳಭಾಗದ ಮಣ್ಣನ್ನು ತಂದು, ನವಸಾಗರದೊಂದಿಗೆ ನೀರಿನಲ್ಲಿ ಕದಡಿ, ಬಿಸಿ ಮಾಡಿದ ವಸ್ತುವಿಗೆ ತಿಕ್ಕುತ್ತಾರೆ. ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಯಾವ ಮಣ್ಣು ಸರಿಯಾದದ್ದೆಂದು ತಿಳಿಯಲು ಉಸ್ತಾದರು ಅದನ್ನು ನಾಲಗೆಗೆ ಇಟ್ಟು ನೋಡುತ್ತಾರೆ. ನಾನು ಬೆರಗಾಗಿ ನೋಡುತ್ತಿದ್ದುದನ್ನು ಕಂಡು ನಗುತ್ತ ನನ್ನ ಅಂಗೈಗೂ ಒಂದು ಚಿಟಿಕೆ ಹಾಕಿದರು. ನನಗೆ ಮಣ್ಣಿನ ರುಚಿಯಲ್ಲದೆ ಬೇರೇನೂ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಬಹಮನಿ ಸುಲ್ತಾನ ಅಹಮದ್ ಷಾ ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಬೀದರಿಗೆ ತಂದಾಗ ಪರ್ಷಿಯಾದ ಕುಶಲಿಗರೂ ಬಂದರೆಂಬುದು ಪ್ರತೀತಿ. ಅಂದಿನಿಂದ ಇಂದಿನವರೆಗೆ ಈ ಕಲೆಗೆ ಮನ್ನಣೆ ದೊರೆಯದೆ ಹೋಗಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಬಿದರಿಯ ಪಾತ್ರೆಗಳಿವೆ. 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಬಿದರಿಯದೇ ಆಗಿತ್ತು. 2023ರಲ್ಲಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು. ಹಾಗಾದರೆ ನಮ್ಮ ಉಸ್ತಾದರ ಅಂಗಡಿ ಮುಚ್ಚುವುದೇಕೆ?

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದಿದವನ ಹಳೆಯ ರೂಢಿಯಂತೆ ನಾನು ಇದನ್ನು ಅರಿಸ್ಟಾಟಲನ ನಾಲ್ಕು ಕಾರಣಗಳ ಮೂಲಕ ಯೋಚಿಸಿ ನೋಡಿದೆನು. ಯಾವ ವಸ್ತುವಾದರೂ ಇರಬೇಕಾದರೆ ಅದಕ್ಕೊಂದು ಉಪಾದಾನ ಬೇಕು, ಒಂದು ರೂಪ ಬೇಕು, ಮಾಡುವವನೊಬ್ಬ ಬೇಕು, ಕೊನೆಯದಾಗಿ ಅದು ಯಾವುದಕ್ಕಾಗಿ ಎಂಬ ಪ್ರಯೋಜನ ಬೇಕು. ಬಿದರಿಗೆ ಸತು, ತಾಮ್ರಗಳಿವೆ, ಕೋಟೆಯ ಮಣ್ಣಿದೆ, ರೂಪಗಳು ಉಸ್ತಾದರ ಬೆರಳಲ್ಲಿವೆ, ಉಸ್ತಾದರೂ ಇದ್ದಾರೆ. ಇಲ್ಲದಿರುವುದು ನಾಲ್ಕನೆಯದು. ಹಿಂದೆ ಈ ಅಂಗಡಿಗಳಿಂದ ಹೊರಟದ್ದು ಹುಕ್ಕಾದ ಬುಡ, ಪಾನದಾನಿ, ಹೂಜಿ, ಕೈ ತೊಳೆಯುವ ತಟ್ಟೆ. ಅವು ಮನೆಗಳಲ್ಲಿ ದಿನವೂ ಬಳಕೆಯಾಗುತ್ತಿದ್ದವು. ಹುಕ್ಕಾ ಹೋಯಿತು, ಪಾನದಾನಿ ಹೋಯಿತು. ಬಿದರಿ ಗಾಜಿನ ಕಪಾಟಿನೊಳಗೆ ಸೇರಿತು. ನೋಡಿ ಹೊಗಳುವುದಕ್ಕೆಂದೇ ಇರುವ ವಸ್ತುವನ್ನು ಎಲ್ಲರೂ ಹೊಗಳುತ್ತಾರೆ; ಕೊಳ್ಳುವವನು ಅಪರೂಪ.

ಉಪಾದಾನದ ಮಾತೂ ಪೂರ್ತಿ ನೆಮ್ಮದಿಯದಲ್ಲವೆನ್ನಿ. 2019ರಲ್ಲಿ ಕಿಲೋಗೆ ನಲವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ ಬೆಳ್ಳಿ 2025ರಲ್ಲಿ ಒಂದು ಲಕ್ಷವನ್ನು ದಾಟಿ, ಆ ವರ್ಷದ ಕೊನೆಗೆ ಎರಡು ಲಕ್ಷವನ್ನು ಮುಟ್ಟಿತು. ಚಿನಿವಾರನಲ್ಲಿ ಬೆಳ್ಳಿ ಕೊಳ್ಳಲು ರೊಕ್ಕ ಕೈಯಲ್ಲೇ ಇರಬೇಕು. ಸಿದ್ಧವಾದ ವಸ್ತುವೋ ಆರು ತಿಂಗಳು ಕಪಾಟಿನಲ್ಲಿ ಕೂರುತ್ತದೆ. 2020ರ ಮಾರ್ಚ್‌ನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ಪ್ರವಾಸಿಗರೂ ಮೇಳಗಳೂ ಒಟ್ಟಿಗೆ ನಿಂತುಹೋದವು. ಆಗ ಬೇರೆ ಕೂಲಿಗೆ ಹೋದ ಕೈಗಳಲ್ಲಿ ಕೆಲವು ಮರಳಿ ಉಳಿ ಹಿಡಿಯಲಿಲ್ಲ. ಉಸ್ತಾದರ ಕಿರಿಯ ಮಗ ಹೈದರಾಬಾದಿನಲ್ಲಿ ಮನೆಮನೆಗೆ ಪಾರ್ಸಲು ಮುಟ್ಟಿಸುವ ಕೆಲಸದಲ್ಲಿದ್ದಾನೆ. ಅದು ಕೀಳಾದ ಕೆಲಸವಲ್ಲ. ಆದರೆ ಅವನ ತಾತ ತಿದ್ದಿದ ಬೆರಳುಗಳು ಅವು.

"ಇದಕ್ಕೂ ನಮಗೂ ಏನು ಸಂಬಂಧ, ಸ್ವಾಮಿ? ಅಂಗಡಿ ನಮ್ಮವರದಲ್ಲ, ಕಲೆ ನಮ್ಮದಲ್ಲ, ನಾವೋ ಈ ಜಿಲ್ಲೆಯಲ್ಲಿ ಬೆರಳೆಣಿಕೆಯ ಮಂದಿ" ಎಂದು ಭಾನುವಾರದ ಬಲಿಪೂಜೆಯ ನಂತರ ಹಿರಿಯರೊಬ್ಬರು ನೇರವಾಗಿ ಕೇಳಿದರು. ಪ್ರಶ್ನೆ ಸರಿಯಾದದ್ದೇ. ನನ್ನ ಉತ್ತರವೂ ನೇರವಾಗಿದೆ: ನಮ್ಮ ಹಬ್ಬಗಳಿಗೆ ನಾವು ಏನನ್ನೋ ಕೊಂಡೇ ಕೊಳ್ಳುತ್ತೇವೆ. ಪರಮಪ್ರಸಾದದ ಮೊದಲ ಸ್ವೀಕಾರ, ಮದುವೆ, ಗೃಹಪ್ರವೇಶ, ಗುರುಗಳ ವರ್ಗಾವಣೆ, ಸಿಸ್ಟರುಗಳ ಬೆಳ್ಳಿಹಬ್ಬ, ಶಾಲೆಯ ಅತಿಥಿಗಳ ಸನ್ಮಾನ, ಇವಕ್ಕೆಲ್ಲ ವರ್ಷವೂ ಹಣ ಹೋಗುತ್ತಿದೆ. ಹೋಗುತ್ತಿರುವುದು ಎಲ್ಲಿಗೆ? ನನ್ನ ಕಪಾಟಿನ ಆ ಹನ್ನೊಂದು ಪೆಟ್ಟಿಗೆಗಳ ಕಡೆಗೆ. ಭಾಲ್ಕಿಯ ನಮ್ಮ ಮನೆಗಳವರು ಮದುವೆಯ ಸಾಮಾನಿಗೆ ಹೈದರಾಬಾದಿನ ರೈಲು ಹತ್ತುತ್ತಾರೆ. ಔರಾದದವರು ಗಡಿ ದಾಟಿ ಉದಗೀರಕ್ಕೋ ದೇಗಲೂರಿಗೋ ಹೋಗುತ್ತಾರೆ. ಅಲ್ಲಿ ಅಗ್ಗ, ಆಯ್ಕೆ ಹೆಚ್ಚು, ದೂರುವಂತಿಲ್ಲ. ಕಿರಾಣಿಗೂ ಬಟ್ಟೆಗೂ ಹೋಗಿಬನ್ನಿ. ಉಡುಗೊರೆಯ ಒಂದು ವಸ್ತುವಿಗೆ ಮಾತ್ರ ಎರಡೂ ಊರುಗಳಿಂದ ನಲವತ್ತು ಕಿಲೋಮೀಟರ್ ಆಸುಪಾಸಿನ ಬೀದರಿಗೆ ಬನ್ನಿರೆಂಬುದು ನನ್ನ ಬೇಡಿಕೆ.

ಭಾಲ್ಕಿಯ ಹೆಸರು ಬಂದುದರಿಂದ ಒಂದು ಮಾತು. ನಿಜಾಮರ ಕಾಲದಲ್ಲಿ ಅಲ್ಲಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಈ ಭಾಗದಲ್ಲಿ ಕೇಳದವರಿಲ್ಲ. ಅಂದು ಕನ್ನಡವನ್ನು ಉಳಿಸಿದ್ದು ಸರಕಾರದ ಯಾವ ಆದೇಶವೂ ಅಲ್ಲ, ಮಕ್ಕಳನ್ನು ಆ ಶಾಲೆಗೆ ಕಳುಹಿಸಿದ ಮನೆಗಳು. ಇಂದು ಉರ್ದುವಿನಲ್ಲಿ ಲೆಕ್ಕ ಬರೆಯುವ ಉಸ್ತಾದರ ಅಂಗಡಿಯನ್ನು ಉಳಿಸಲು ಕನ್ನಡದಲ್ಲಿ ಪ್ರಾರ್ಥನೆ ಮಾಡುವ ಮನೆಗಳು ಹೊರಟರೆ ಆ ಸ್ವಾಮಿಗಳು ಬೇಸರಪಡುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ಇನ್ನೊಂದು ಆಕ್ಷೇಪಣೆ ಹೆಣ್ಣುಮಕ್ಕಳಿಂದ ಬಂತು. ಮದುವೆಗೆ ಕಪ್ಪು ವಸ್ತುವನ್ನು ಆಯೇರಿ ಕೊಡುವುದುಂಟೇ, ಬೀಗರು ಏನೆಂದಾರು? ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಶುಭಕಾರ್ಯದಲ್ಲಿ ಬಣ್ಣಗಳ ಬಗ್ಗೆ ನಮ್ಮ ಜನರ ಭಾವನೆ ಹಳೆಯದು. ಆದರೆ ಇದನ್ನು ಕೇಳಿದ ತಾಯಂದಿರ ಕೊರಳಲ್ಲೇ ಕರಿಮಣಿ ಇತ್ತು. ಕಪ್ಪಿನ ನಡುವೆ ಬಂಗಾರ ಪೋಣಿಸಿದರೆ ಮಾಂಗಲ್ಯವೆಂದು ಒಪ್ಪುವವರು ಕಪ್ಪಿನ ನಡುವೆ ಬೆಳ್ಳಿ ಕೂರಿಸಿದರೆ ಅಳುಕಬೇಕಾಗಿಲ್ಲವೆಂದೆನು. ಒಬ್ಬರು ನಕ್ಕರು. ಇನ್ನೊಬ್ಬರು ಇನ್ನೂ ಒಪ್ಪಿಲ್ಲ. ಅವರು ಮದುವೆಗೆ ಬೇಡ, ಗೃಹಪ್ರವೇಶಕ್ಕೆ ಕೊಡಲಿ.

ಬಿದರಿ ದುಬಾರಿಯೆಂಬ ಮಾತಿಗೆ ಮಾತ್ರ ನಾನು ಸುಲಭವಾಗಿ ಉತ್ತರಿಸಲಾರೆ. ಕೂಲಿ ಮಾಡಿ ಬದುಕುವ ಮನೆಗಳು ನಮ್ಮಲ್ಲಿ ಹಲವಿವೆ. ಅವರಿಗೆ ಈ ಬೇಡಿಕೆಯೇ ಅಲ್ಲ. ಅವರ ಮನೆಯ ಅಕ್ಕಿಯ ಹಣ ಬೆಳ್ಳಿಯಾಗಬೇಕೆಂದು ಹೇಳುವ ಗುರು ನಾನಲ್ಲ. ಅನುಕೂಲವಿರುವವರಿಗೆ, ಸಂಸ್ಥೆಗಳಿಗೆ, ಶಾಲೆಗಳಿಗೆ, ಅದಕ್ಕೂ ಮೊದಲು ನಮ್ಮಂಥ ಗುರುಮನೆಗಳಿಗೆ ಇದು ಅನ್ವಯಿಸುತ್ತದೆ. ಕೀಲಿಕೈ ಗೊಂಚಲು, ಲೇಖನಿ, ಕಾಗದದ ಮೇಲಿಡುವ ಭಾರ ಮುಂತಾದ ಸಣ್ಣ ವಸ್ತುಗಳನ್ನೂ ಈಗ ಮಾಡುತ್ತಾರೆ. ನಮ್ಮ ಬಳಕೆಗೆಂದೇ ಮಾಡಿಸಬಹುದಾದವೂ ಇವೆ: ಗೋಡೆಯ ಶಿಲುಬೆ, ಮೇಣದಬತ್ತಿಯ ಕಂಬ, ಜಪಸರವಿಡುವ ಡಬ್ಬಿ, ಧೂಪದ ಪಾತ್ರೆ. ಹುಕ್ಕಾದ ಬುಡ ಕೆತ್ತಿದ ಕೈಗೆ ಜಪಸರದ ಡಬ್ಬಿ ಕಷ್ಟವಲ್ಲ. ಕಾಗದದ ಮೇಲೆ ನಾನೊಂದು ಶಿಲುಬೆಯ ಗೆರೆ ಬರೆದು ತೋರಿಸಿದಾಗ ಉಸ್ತಾದರು ಅದನ್ನು ತಿರುಗಿಸಿ ನೋಡಿ, ನಾಲ್ಕು ತುದಿಗಳಿಗೂ ದ್ರಾಕ್ಷಿಯ ಎಲೆ ತಾವೇ ಸೇರಿಸಿದರು. ಪರಮಪ್ರಸಾದದ ದ್ರಾಕ್ಷಿಯ ಅರ್ಥ ಅವರಿಗೆ ಗೊತ್ತಿದ್ದಿಲ್ಲ. ಎಲೆ ಅಲ್ಲಿ ಚೆನ್ನಾಗಿ ಕೂರುತ್ತದೆಂಬುದು ಗೊತ್ತಿತ್ತು.

ಲೆಕ್ಕವನ್ನೂ ಕೇಳಿ. ಬೀದರ್, ಭಾಲ್ಕಿ, ಔರಾದ ಸೇರಿ, ಕಲಬುರಗಿಯ ಕಡೆಯ ಕೆಲವು ಸಂಸ್ಥೆಗಳನ್ನೂ ಕೂಡಿಸಿಕೊಂಡು, ವರ್ಷಕ್ಕೆ ನೂರು ವಸ್ತುಗಳ ಬೇಡಿಕೆ ಹೋಯಿತೆನ್ನಿ. ವಾರಕ್ಕೆ ಎರಡಾಯಿತು. ಇದೇನು ಮಹಾ ಎಂದು ನಮಗೆ ಅನಿಸೀತು. "ವಾರಕ್ಕೆ ಎರಡು ಖಾತ್ರಿ ಇದ್ದರ ನಾ ಬೆಳ್ಳಿ ತರಲಿಕ್ಕೆ ಹೆದರೂದಿಲ್ಲ" ಎಂದರು ಉಸ್ತಾದರು. ಪ್ರವಾಸಿಗ ಯಾವಾಗ ಬಂದಾನೆಂದು ಹೇಳಲಾಗದು. ಮೊದಲೇ ಹೇಳಿಟ್ಟ ಎರಡು ವಸ್ತುಗಳನ್ನು ನಂಬಿ ಒಬ್ಬ ಹುಡುಗನನ್ನು ಕಟ್ಟೆಯ ಮೇಲೆ ಕೂರಿಸಿ ಕಲಿಸಬಹುದು.

ಆದರೆ ಕೊಳ್ಳುವ ರೀತಿಯೊಂದಿದೆ. ಇದನ್ನು ಹೇಳುವಾಗ ನನ್ನ ಒಂದು ತಪ್ಪನ್ನು ಮರೆಮಾಚಿದರೆ ಕಪಟವಾದೀತು. ಬಹಳ ವರ್ಷಗಳ ಹಿಂದೆ ನಾನು ಬೇರೊಂದು ಊರಿನಲ್ಲಿದ್ದಾಗ ಉತ್ಸವವೊಂದಕ್ಕೆ ಕುಶಲಕರ್ಮಿಯೊಬ್ಬರಿಂದ ಮರದ ಕೆತ್ತನೆಯ ಸ್ಮರಣಿಕೆಗಳನ್ನು ಮಾಡಿಸಿದೆವು. ಉತ್ಸವ ವಿಜೃಂಭಣೆಯಿಂದ ನಡೆಯಿತು. ಅವರ ಬಿಲ್ಲು ಸಮಿತಿಯ ಕಡತದಲ್ಲಿ ಎಂಟು ತಿಂಗಳು ಕುಳಿತಿತು. ಸಹಿ ಮಾಡಬೇಕಾಗಿದ್ದವನು ನಾನು. ಮುಂದಿನ ಸಭೆ, ಮುಂದಿನ ಸಭೆ ಎನ್ನುತ್ತ ದಿನ ತಳ್ಳಿದೆನು. ಕೊನೆಗೆ ಅವರು ಬಂದು ಕೇಳಲೂ ನಾಚಿ, ಆಶೀರ್ವಾದ ಪಡೆಯುವವರಂತೆ ಬಂದು ನಿಂತಾಗ ನನಗೆ ನೆನಪಾಯಿತು. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕೆಂಬ ಧರ್ಮಶಾಸ್ತ್ರದ ವಿಧಿಯನ್ನು ಪೀಠದ ಮುಂದೆ ನಿಂತು ಎಷ್ಟು ಸಲ ವ್ಯಾಖ್ಯಾನಿಸಿದ್ದೆನೋ.

ಆದುದರಿಂದ ಬಿದರಿಯ ವಸ್ತುವಿಗೆ ಹೇಳುವಾಗ ಬೆಳ್ಳಿಯ ಖರ್ಚಿನಷ್ಟನ್ನಾದರೂ ಮುಂಗಡ ಕೊಡಿ. ವಸ್ತು ಕೈಗೆ ಬಂದ ದಿನ ಉಳಿದದ್ದನ್ನು ಕೊಡಿ. ಎರಡು ತಿಂಗಳು ಮೊದಲೇ ಹೇಳಿ. ಕ್ರಿಸ್ತಜಯಂತಿಗೆ ಬೇಕಾದದ್ದನ್ನು ಡಿಸೆಂಬರ್ ಇಪ್ಪತ್ತಕ್ಕೆ ಹೇಳಿದರೆ ಅದು ಬೇಡಿಕೆಯಲ್ಲ, ಹಿಂಸೆ. ಚೌಕಾಶಿಯ ವಿಷಯದಲ್ಲಿ ಸಂತ ಥಾಮಸ್ ಅಕ್ವಿನಾಸರ ವಿಚಾರ ನಮಗೆ ಉಪಯುಕ್ತವಾಗಿದೆ: ಯೋಗ್ಯತೆಗಿಂತ ಹೆಚ್ಚಿನ ಬೆಲೆಗೆ ಮಾರುವುದು ಹೇಗೆ ಅನ್ಯಾಯವೋ ಯೋಗ್ಯತೆಗಿಂತ ಕಡಿಮೆಗೆ ಕೊಳ್ಳುವುದೂ ಹಾಗೆಯೇ ಅನ್ಯಾಯವೆಂದು ಅವರು ಕಂಡರು. ಮೊದಲನೆಯದನ್ನು ನಾವು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ. ಕಷ್ಟದಲ್ಲಿರುವ ಅಂಗಡಿಯವನು ಹೇಗೂ ಇಳಿಸುತ್ತಾನೆಂದು ತಿಳಿದು ಇಳಿಸುವುದು ಎರಡನೆಯದಕ್ಕೆ ಸೇರುತ್ತದೆ.

ಇನ್ನೊಂದು ಕೋರಿಕೆ: ದಯವಿಟ್ಟು ಯಾರೂ ಉಸ್ತಾದರಿಗೆ ದಾನವೆಂದು ಹಣ ಕೊಡಬೇಡಿರಿ. ನಮ್ಮ ಧರ್ಮಕೇಂದ್ರದ ತರುಣರು ಸದುದ್ದೇಶದಿಂದಲೇ ಒಂದು ಹುಂಡಿ ಇಡೋಣವೆಂದು ಸೂಚಿಸಿದ್ದರು. ನಾನು ಒಪ್ಪಲಿಲ್ಲ. ಹದಿಮೂರು ಲಿಯೋ ಜಗದ್ಗುರುಗಳು 1891ರ ತಮ್ಮ ವಿಶ್ವಪತ್ರದಲ್ಲಿ ದುಡಿಯುವವನಿಗೆ ಸಲ್ಲಬೇಕಾದುದನ್ನು ಕರುಣೆಯ ವಿಷಯವಾಗಿ ಅಲ್ಲ, ನ್ಯಾಯದ ವಿಷಯವಾಗಿಯೇ ಚರ್ಚಿಸಿದರು. ಕೈಯಲ್ಲಿ ವಿದ್ಯೆಯಿರುವವನ ಮುಂದೆ ಹುಂಡಿ ಹಿಡಿದು ನಿಂತರೆ ಅವನ ವಿದ್ಯೆ ಮುಗಿಯಿತೆಂದು ನಾವೇ ಸಾರಿದಂತಾಗುತ್ತದೆ. ತರುಣರಿಗೆ ಬೇರೆ ಕೆಲಸ ಹಚ್ಚಿದ್ದೇನೆ. ಅಂಗಡಿಯ ವಸ್ತುಗಳ ಒಳ್ಳೆಯ ಚಿತ್ರ ತೆಗೆದು, ಅಳತೆ, ತೂಕ, ಬೆಲೆ ಬರೆದು, ಬೆಂಗಳೂರು, ಮಂಗಳೂರುಗಳಲ್ಲಿರುವ ನಮ್ಮ ಬಂಧುಗಳ ಮೊಬೈಲಿಗೆ ಕಳುಹಿಸುವುದು. ಉಸ್ತಾದರಿಗೆ ಇದು ಬರುವುದಿಲ್ಲ. ಇವರಿಗೆ ಬರುವುದು ಇದೊಂದೇ ಎಂದು ಇವರ ತಾಯಂದಿರು ನನ್ನೊಡನೆ ದೂರುವುದುಂಟು.

ಕೊಂಡ ಮೇಲೆ ಕಾಪಾಡುವುದು ಸುಲಭ. ಹುಣಸೆಹಣ್ಣು, ನಿಂಬೆ, ಪಾತ್ರೆ ಉಜ್ಜುವ ಪುಡಿ ಯಾವುದನ್ನೂ ಹಚ್ಚಬಾರದು, ಕಪ್ಪು ಹೋದೀತು. ಮಸುಕಾದಾಗ ಕೊಬ್ಬರಿ ಎಣ್ಣೆ ಸವರಿ ಒಣಬಟ್ಟೆಯಿಂದ ಒರೆಸಿದರೆ ಸಾಕು. ಕಪ್ಪು ಬಣ್ಣ ಬಳಿದ ಹಗುರ ಲೋಹವನ್ನು ಬಿದರಿಯೆಂದು ಮಾರುವುದೂ ಉಂಟು. ಕೈಯಲ್ಲಿ ಹಿಡಿದು ತೂಕ ನೋಡಿ, ಬೆಳ್ಳಿಯ ಗೆರೆಯ ಮೇಲೆ ಬೆರಳಾಡಿಸಿ ನೋಡಿ. ಅದಕ್ಕೆ ಅಂಗಡಿಗೇ ಹೋಗಬೇಕು.

ನಮ್ಮ ಧರ್ಮಕೇಂದ್ರದಿಂದ ಹನ್ನೆರಡು ಶಿಲುಬೆಗಳಿಗೆ ಮುಂಗಡ ಕೊಟ್ಟಾಗಿದೆ. ಈ ವರ್ಷ ಮೊದಲ ಬಾರಿ ಪರಮಪ್ರಸಾದ ಸ್ವೀಕರಿಸುವ ಮಕ್ಕಳು ಹನ್ನೊಂದು. ಉಳಿದೊಂದು ಗುರುಮನೆಯ ಬಾಗಿಲಿಗೆ. ಕರಾರು ಮುಂದುವರಿಸುವ ಬಗ್ಗೆ ಉಸ್ತಾದರು ಇನ್ನೂ ಏನೂ ಹೇಳಿಲ್ಲ. ಮನೆಯ ಮಾಲಿಕರೊಡನೆ ಮಾತನಾಡುತ್ತೇನೆಂದಷ್ಟೇ ಹೇಳಿದ್ದಾರೆ. ಭಾಲ್ಕಿ ಮತ್ತು ಔರಾದದ ಕುಟುಂಬಗಳಲ್ಲಿ ಯಾರಾದರೂ ಹೊರಡುವುದಿದ್ದರೆ ಬಲಿಪೂಜೆಯ ನಂತರ ನನ್ನನ್ನು ಕಾಣಿರಿ, ಓಣಿಯ ಗುರುತು ಹೇಳುತ್ತೇನೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆಂದು ಬಾಗಿಲು ಹಾಕಿರುತ್ತಾರೆ. ಮೂರು ಗಂಟೆಯ ಮೇಲೆ ಹೋದರೆ ಸಿಗುತ್ತಾರೆ.